ಚಿಕ್ಕ ಗಡಿಯಾರದ ಸುತ್ತಿನ ಪೇಟೆ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಇಂದು ನಾವು ಹಳೆಯದೆಂದು ಕರೆಯುತ್ತೇವೆ. ಆದರೆ ಅದು ತಲೆಯೆತ್ತಿದ ಕಾಲದಲ್ಲಿ ಊರಿಗೆ ಅದೇ ಹೊಸತು. ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಿದ್ದ ನಾಲೆಯೊಂದು ಕೋಟೆಯ ಉತ್ತರಕ್ಕೆ ಹಾದುಹೋಗಿತ್ತು. ಕಾವೇರಿಯಂತೂ ಆ ನಾಲೆಯಲ್ಲಿ ಹರಿದು ಬರಲಿಲ್ಲ. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1886ರ ಸುಮಾರಿಗೆ, ಅದನ್ನು ಮುಚ್ಚಲಾಯಿತು. ಇಕ್ಕಟ್ಟಾದ ಓಣಿಗಳಿದ್ದ ಕಡೆ ಅಗಲವಾದ ಬೀದಿ ಬಂತು. ಅದಕ್ಕೆ ಬರೋಡದ ಮಹಾರಾಜರ ಹೆಸರಿಟ್ಟು ಸಯ್ಯಾಜಿರಾವ್ ರಸ್ತೆ ಎಂದರು. ಅದರ ಮಗ್ಗುಲಲ್ಲೇ ಮಾರುಕಟ್ಟೆ ಬೆಳೆಯಿತು.

ಪರಂಪರೆಯ ಮಾತು ಬಂದಾಗ ಇದನ್ನು ಮರೆಯಬಾರದು. ನಾವು ಉಳಿಸಬೇಕೆಂದು ಹೋರಾಡುವ ಈ ಪೇಟೆಯೇ ಒಂದು ಕಾಲದ ಸುಧಾರಣೆಯ ಫಲ.

ಮಾರುಕಟ್ಟೆಯ ದಕ್ಷಿಣ ಬಾಗಿಲಿನ ಎದುರು ವೈಸ್‌ರಾಯ್ ಡಫರಿನ್ ಹೆಸರಿನ ಗಡಿಯಾರದ ಗೋಪುರ ನಿಂತಿತು. ಆ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ. ಪುರಭವನದ ಬಳಿಯದು ದೊಡ್ಡ ಗಡಿಯಾರವಾದರೆ ಇದು ಚಿಕ್ಕ ಗಡಿಯಾರ, ಅಷ್ಟೆ. ಹತ್ತಿರದಲ್ಲೇ, ಮತ್ತೊಬ್ಬ ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಮಾನುಗಳ ಸಾಲಿನ ಎರಡಂತಸ್ತಿನ ಕಟ್ಟಡ ಎದ್ದಿತು. ಹೀಗೆ ಹತ್ತು ವರ್ಷದೊಳಗೆ ರಾಜಧಾನಿಗೆ ಒಂದು ಅಚ್ಚುಕಟ್ಟಾದ ಪೇಟೆ ದೊರೆಯಿತು. ಹೂವಿಗೆ ಒಂದು ಸಾಲು, ವೀಳ್ಯದೆಲೆಗೆ ಒಂದು, ಬಾಳೆಹಣ್ಣಿಗೆ ಮತ್ತೊಂದು. ಅರಿಸಿನ ಕುಂಕುಮಗಳ ಗುಡ್ಡೆ ಬೇರೆ. ಶಾಲೆ ಕಾಲೇಜಿನ ಹುಡುಗರು ಹಳೆಯ ಪಠ್ಯಪುಸ್ತಕಕ್ಕಾಗಿ ಹೋಗುತ್ತಿದ್ದುದು ಲ್ಯಾನ್ಸ್‌ಡೌನ್ ಕಟ್ಟಡಕ್ಕೆ.

2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗ ಬಿತ್ತು. ಅದೂ ದುರಸ್ತಿ ಕೆಲಸ ನಡೆದಿದ್ದಾಗಲೇ.

ಕಟ್ಟಡಗಳು ವಯಸ್ಸಾಗಿ ಬಿದ್ದವು ಎಂದುಬಿಡುವುದು ಸುಲಭ. ಆದರೆ ಸುಣ್ಣದ ಗಾರೆ, ಇಟ್ಟಿಗೆ, ಮರದ ತೊಲೆಗಳ ಕಟ್ಟಡಕ್ಕೆ ನೂರಿಪ್ಪತ್ತು ವರ್ಷ ದೊಡ್ಡ ವಯಸ್ಸಲ್ಲ. ಅದರ ಶತ್ರು ನೀರು. ಮಾಳಿಗೆಯ ಬಿರುಕಿನಲ್ಲಿ ಇಳಿದ ಮಳೆನೀರು ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಕೊಳೆಸುತ್ತದೆ. ಹಕ್ಕಿ ತಂದ ಅರಳಿ ಬೀಜ ಬಿರುಕಿನಲ್ಲಿ ಬೇರು ಬಿಡುತ್ತದೆ. ಆಗ ಯಾರೋ ಬಂದು ಮೇಲೆ ಸಿಮೆಂಟು ಮೆತ್ತುತ್ತಾರೆ. ಸುಣ್ಣದ ಗೋಡೆ ತನ್ನ ತೇವವನ್ನು ಹೊರಗೆ ಬಿಟ್ಟು ಒಣಗಬೇಕು. ಸಿಮೆಂಟು ಅದನ್ನು ಬಿಡುವುದಿಲ್ಲ. ಹೊರಗೆ ಗೋಡೆ ನಯವಾಗಿ ಕಾಣುತ್ತದೆ, ಒಳಗೆ ಪುಡಿಯಾಗುತ್ತಿರುತ್ತದೆ.

ಪ್ರತಿ ಮಳೆಗಾಲದ ಮುಂಚೆ ಮಾಳಿಗೆ ಹತ್ತಿ ನೋಡುವವರಿದ್ದರೆ ಇದಾವುದೂ ಆಗದು. ನೋಡಬೇಕಾದವರು ಯಾರು? ಕಟ್ಟಡ ನಗರಪಾಲಿಕೆಯದು, ಅಂಗಡಿ ಬಾಡಿಗೆದಾರನದು. ತಾತನ ಕಾಲದಿಂದ ಕೂತವರ ಬಾಡಿಗೆ ಪೇಟೆಯ ಬೆಲೆಗೆ ಹೋಲಿಸಿದರೆ ಅಲ್ಪ. ಇಷ್ಟರಲ್ಲಿ ರಿಪೇರಿ ಹೇಗೆ ಎನ್ನುತ್ತಾನೆ ಮಾಲೀಕ. ಪರರ ಗೋಡೆಗೆ ನಾನೇಕೆ ದುಡ್ಡು ಸುರಿಯಲಿ ಎನ್ನುತ್ತಾನೆ ಬಾಡಿಗೆದಾರ. ಇಬ್ಬರದೂ ನ್ಯಾಯದ ಮಾತೇ. ಮಳೆ ಮಾತ್ರ ಯಾರ ತೀರ್ಮಾನಕ್ಕೂ ಕಾಯುವುದಿಲ್ಲ.

ಕುಸಿತದ ನಂತರ ನಡೆದ ವಾದವೆಲ್ಲ ಗೋಡೆಯನ್ನು ಕುರಿತದ್ದು. ಕೆಡವಿ ಕಟ್ಟಬೇಕೆಂದು ಒಂದು ಪಕ್ಷ. ದುರಸ್ತಿ ಮಾಡಿ ಉಳಿಸಬಹುದೆಂದು ಇಂಟ್ಯಾಕ್ ಮತ್ತು ಪರಂಪರೆಯ ತಜ್ಞರು. ವಾದ ಹೈಕೋರ್ಟಿಗೆ ಹೋಯಿತು. 2023ರಲ್ಲಿ ನ್ಯಾಯಾಲಯ ಎರಡನ್ನೂ ಕೆಡವಿ ಹೊಸದಾಗಿ ಕಟ್ಟುವುದಕ್ಕೆ ಒಪ್ಪಿಗೆ ನೀಡಿತು. ಈ ವರ್ಷಗಳಲ್ಲಿ ವ್ಯಾಪಾರದ ಗತಿ ಏನು ಎಂದು ಕೇಳಿದವರು ಕಡಿಮೆ.

ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡ ಊರುಗಳು ಬೇರೆಡೆ ಇವೆ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಹೆದ್ದಾರಿಗಳು, ಊರಾಚೆಯ ಮಾಲ್‌ಗಳು ಬಂದು ಸಣ್ಣ ಊರುಗಳ ಮುಖ್ಯ ಬೀದಿ ಬಣಗುಟ್ಟಿತು. ಹೊಸತಾಗಿ ಕಾಣಲೆಂದು ಅಂಗಡಿಯವರು ಹಳೆಯ ಇಟ್ಟಿಗೆ ಮುಖಕ್ಕೆ ಅಲ್ಯೂಮಿನಿಯಂ ತಗಡು ಹೊಡೆಸಿದರು. ಗಿರಾಕಿ ಬರಲಿಲ್ಲ. 1977ರಲ್ಲಿ ಅಲ್ಲಿನ ರಾಷ್ಟ್ರೀಯ ಸಂರಕ್ಷಣಾ ಟ್ರಸ್ಟ್ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಊರುಗಳಲ್ಲಿ ಪ್ರಯೋಗವೊಂದನ್ನು ಆರಂಭಿಸಿತು. ಪ್ರತಿ ಊರಿನ ಬೀದಿಗೆ ಪೂರ್ಣಾವಧಿಯ ಒಬ್ಬ ವ್ಯವಸ್ಥಾಪಕ. ತಗಡು ಕೀಳಿಸುವುದಷ್ಟೇ ಅವರ ಕೆಲಸವಾಗಿರಲಿಲ್ಲ. ವರ್ತಕರನ್ನು ಒಗ್ಗೂಡಿಸಬೇಕು, ಖಾಲಿ ಮಳಿಗೆಗೆ ಬಾಡಿಗೆದಾರರನ್ನು ಹುಡುಕಬೇಕು, ಜನ ಬೀದಿಗೆ ಬರುವಂತೆ ಉತ್ಸವಗಳನ್ನು ಏರ್ಪಡಿಸಬೇಕು. ಕಟ್ಟಡ ಮತ್ತು ವ್ಯಾಪಾರ ಅಲ್ಲಿ ಒಂದೇ ಕಡತದಲ್ಲಿದ್ದವು. ಮುಂದೆ ಅದೇ ಕ್ರಮ ಸಾವಿರಕ್ಕೂ ಹೆಚ್ಚು ಊರುಗಳಿಗೆ ಹಬ್ಬಿತು.

ಮೈಸೂರಿನ ಸ್ಥಿತಿ ಅದಕ್ಕಿಂತ ಒಳ್ಳೆಯದು. ಇಲ್ಲಿ ಗಿರಾಕಿಯನ್ನು ಕರೆತರಬೇಕಾಗಿರಲಿಲ್ಲ. ಬಾಗಿಲು ಬಿದ್ದ ಮೇಲೂ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಮೊಳ ಹಾಕುವ ಕೈ ನಿಲ್ಲಲಿಲ್ಲ. ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಕಥೆಯೇ ಬೇರೆ. ಅಪಾಯವೆಂದು ಅಂಗಡಿಗಳನ್ನು ತೆರವು ಮಾಡಿಸಿದರು, ಸರಿಯೇ. ಆದರೆ ಹತ್ತು ವರ್ಷ ಕಳೆದರೂ ಅವು ಮರಳಿ ತೆರೆಯಲಿಲ್ಲ. ಪುಸ್ತಕದವರು ಊರಿನ ಬೇರೆ ಬೇರೆ ಕಡೆ ಚದುರಿದರು. ಕಮಾನುಗಳು ನಿಂತೇ ಇದ್ದವು, ಪೇಟೆ ಹೋಗಿತ್ತು.

ಆದ್ದರಿಂದ ಹೊಸ ನಕ್ಷೆ ಯಾರದೇ ಇರಲಿ, ಅದರಲ್ಲಿ ಕಮಾನಿನ ಅಳತೆಗಿಂತ ಮೊದಲು ಬರೆಯಬೇಕಾದ ಸಂಗತಿಗಳುಂಟು. ಕೆಲಸ ಮುಗಿಯುವತನಕ ಎಲೆ ಮಾರುವವರು ಎಲ್ಲಿ ಕೂರಬೇಕು, ಮರಳಿ ಬಂದಾಗ ಯಾವ ಕಟ್ಟೆ, ಎಷ್ಟು ಬಾಡಿಗೆ, ಆ ಬಾಡಿಗೆಯಲ್ಲಿ ಮಾಳಿಗೆಗೆಂದು ತೆಗೆದಿಡುವುದೆಷ್ಟು, ಜೂನ್‌ಗೆ ಮುಂಚೆ ಏಣಿ ಹಾಕಿ ಹತ್ತುವವರು ಯಾರು.