ಬೆನ್ನಿಗೆ ಮಣ್ಣು ಹಚ್ಚಿಕೊಂಡವರ ನಲವತ್ತು ವರ್ಷ

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 1985ರ ಮಾರ್ಚ್ 31ರಂದು 19,121 ಜನರ ಮುಂದೆ ಮೊದಲ ರೆಸಲ್‌ಮೇನಿಯಾ ಕುಸ್ತಿ ಉತ್ಸವ ನಡೆಯಿತು. ಅಲ್ಲಿಯವರೆಗೆ ಅಮೆರಿಕದ ವೃತ್ತಿಪರ ಕುಸ್ತಿ ಸೀಮೆ ಸೀಮೆಗಳಾಗಿ ಹಂಚಿಹೋಗಿತ್ತು. ಒಬ್ಬ ಆಯೋಜಕನ ಸೀಮೆಗೆ ಇನ್ನೊಬ್ಬ ಕಾಲಿಡುವಂತಿರಲಿಲ್ಲ. 1982ರಲ್ಲಿ ತಂದೆಯ ಕಂಪನಿಯನ್ನು ಕೊಂಡ ವಿನ್ಸ್ ಮೆಕ್‌ಮಹನ್ ಆ ಕಟ್ಟಳೆ ಮುರಿದು ಇಡೀ ದೇಶವೇ ತನ್ನ ಅಖಾಡ ಎಂದು ಹೊರಟರು. ಆ ಮೊದಲ ರೆಸಲ್‌ಮೇನಿಯಾಕ್ಕೆ ಮಹಮ್ಮದ್ ಅಲಿ ರೆಫರಿಯಾಗಿ ಬಂದರು, ಗಾಯಕಿ ಸಿಂಡಿ ಲಾಪರ್ ಕುಸ್ತಿಗಾರ್ತಿ ವೆಂಡಿ ರಿಕ್ಟರ್ ಬೆನ್ನಿಗೆ ನಿಂತರು. ಬೇರೆ ಊರುಗಳವರು ಸಭಾಂಗಣಗಳಲ್ಲಿ ಟಿಕೆಟ್ ಕೊಂಡು ಕೂತು ಪರದೆಯ ಮೇಲೆ ನೇರಪ್ರಸಾರ ನೋಡಿದರು. ಮನೆಯಲ್ಲೇ ದುಡ್ಡು ಕಟ್ಟಿ ನೋಡುವ ಪೇ-ಪರ್-ವ್ಯೂ ಪದ್ಧತಿ ಬೇರೂರಿದ್ದು ಆಮೇಲೆ. ಇಂಥ ಮಹಾಪ್ರದರ್ಶನದ ಕಲ್ಪನೆ ಮೆಕ್‌ಮಹನ್ ಒಬ್ಬರದೇ ಆಗಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. ಜಿಮ್ ಕ್ರಾಕೆಟ್ ಸಂಸ್ಥೆ 1983ರಲ್ಲೇ ಗ್ರೀನ್ಸ್‌ಬರೋದಲ್ಲಿ ‘ಸ್ಟಾರ್‌ಕೇಡ್’ ನಡೆಸಿತ್ತು.

ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. 1989ರಲ್ಲಿ ನ್ಯೂಜೆರ್ಸಿ ಸೆನೆಟ್ ಮುಂದೆ ಕಂಪನಿಯೇ ಇದನ್ನು ಮನರಂಜನೆ ಎಂದು ಒಪ್ಪಿಕೊಂಡಿದೆ. ಹಾಗಿದ್ದ ಮೇಲೆ ನೋಡಲು ಏನಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಸೋಲುವವನನ್ನು ನೋಡಿ. ಬೆನ್ನಿಗೆ ಮಣ್ಣು ಹಚ್ಚಿಕೊಳ್ಳಲು ಒಪ್ಪಿದ ದೊಡ್ಡ ಪೈಲ್ವಾನರೇ ಈ ಉತ್ಸವವನ್ನು ಕಟ್ಟಿದವರು.

ಅವರಲ್ಲಿ ಮೊದಲ ಹೆಸರು ಆಂಡ್ರೆ ದಿ ಜೈಂಟ್. 1987ರ ಮಾರ್ಚ್ 29, ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್. ಕಂಪನಿ ಘೋಷಿಸಿದ ಪ್ರೇಕ್ಷಕರ ಸಂಖ್ಯೆ 93,173. ಈ ಲೆಕ್ಕವನ್ನು ಒಪ್ಪದ ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ಸುಮಾರು 78,000 ಎನ್ನುತ್ತಾರೆ. ಅದೂ ಸಣ್ಣ ಜಾತ್ರೆಯಲ್ಲ. ರಿಂಗ್ ಎಷ್ಟು ದೂರವಿತ್ತೆಂದರೆ ಕುಸ್ತಿಪಟುಗಳನ್ನು ಪುಟ್ಟ ಗಾಡಿಗಳಲ್ಲಿ ಕರೆತರಲಾಯಿತು. ಫ್ರಾನ್ಸ್‌ನಲ್ಲಿ ಹುಟ್ಟಿದ ಆಂಡ್ರೆಯ ದೇಹ ಅಕ್ರೊಮೆಗಲಿ ಎಂಬ ಕಾಯಿಲೆಯಿಂದ ಬೆಳೆಯುತ್ತಲೇ ಹೋಗಿತ್ತು. ಹಿಂದಿನ ವರ್ಷವಷ್ಟೇ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು, ಕಪ್ಪು ಉಡುಪಿನೊಳಗೆ ಬೆನ್ನುಪಟ್ಟಿ ಇತ್ತು. ಆ ಬೆನ್ನಿನಲ್ಲೇ ಅವರು ಎದುರಾಳಿ ಹಲ್ಕ್ ಹೋಗನ್ ತಮ್ಮನ್ನು ಎತ್ತಿ ಕೆಡವಲು ಬಿಟ್ಟುಕೊಟ್ಟರು. ಅಷ್ಟು ತೂಕದವನನ್ನು, ಅವನಿಗೆ ಮನಸ್ಸಿಲ್ಲದೆ ಯಾರೂ ಎತ್ತಲಾರರು. ಹೋಗನ್ ಒಂದು ಪೀಳಿಗೆಯ ನಾಯಕನಾಗಿದ್ದು ಆ ಒಪ್ಪಿಗೆಯಿಂದ. ಆಂಡ್ರೆ 1993ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಆರಂಭವಾದ ಕಂಪನಿಯ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಹೆಸರೂ ಅವರದೇ.

1987ರ ಅದೇ ದಿನ ಸಿಲ್ವರ್‌ಡೋಮ್‌ನಲ್ಲಿ ರಿಕಿ ಸ್ಟೀಮ್‌ಬೋಟ್‌ಗೆ ಪಟ್ಟ ಬಿಟ್ಟುಕೊಟ್ಟ ರ್‍ಯಾಂಡಿ ಸ್ಯಾವೇಜ್ ಅವರನ್ನೂ ನೆನೆಯಬೇಕು. ಒಂದೊಂದು ಪಟ್ಟನ್ನೂ ಮೊದಲೇ ಬರೆದಿಟ್ಟುಕೊಂಡು, ಬಾಯಿಪಾಠ ಮಾಡಿ ಸ್ಯಾವೇಜ್ ಸಿದ್ಧವಾಗಿದ್ದರು. ಸುಮಾರು 15 ನಿಮಿಷದ ಆ ಕುಸ್ತಿ, ಮುಖ್ಯ ಕುಸ್ತಿಗಿಂತ ಎಷ್ಟೋ ಪಾಲು ಉತ್ತಮವಾದದ್ದು.

ನಡುವಿನ ಕೆಲವು ವರ್ಷಗಳು ಸಪ್ಪೆಯವು, ಅವನ್ನು ದಾಟೋಣ. 1997ರಲ್ಲಿ ಶಿಕಾಗೋ ಬಳಿ ನಡೆದ 13ನೇ ಆವೃತ್ತಿಯಲ್ಲಿ ಬ್ರೆಟ್ ಹಾರ್ಟ್ ಹಿಡಿತದಲ್ಲಿ ಸಿಕ್ಕಿದ ಸ್ಟೀವ್ ಆಸ್ಟಿನ್, ಮುಖವೆಲ್ಲ ರಕ್ತವಾದರೂ ‘ಸಾಕು’ ಎನ್ನದೆ ಎಚ್ಚರ ತಪ್ಪಿದವನಂತೆ ಬಿದ್ದರು. ಗೆದ್ದ ಬ್ರೆಟ್ ಖಳನಾಗಿ, ಸೋತ ಆಸ್ಟಿನ್ ಜನರ ಕಣ್ಮಣಿಯಾಗಿ ಹೊರನಡೆದರು. ಒಂದೇ ಕುಸ್ತಿಯಲ್ಲಿ ಇಬ್ಬರ ಪಾತ್ರವೂ ಅದಲುಬದಲಾದ ಇಂಥ ಕೆಲಸ ನಾಟಕದ ರಂಗದಲ್ಲೂ ಅಪರೂಪ.

ಕರ್ನಾಟಕದ ಮನೆಗಳಿಗೆ ಇದೆಲ್ಲ ಬಂದದ್ದು 1990ರ ದಶಕದ ಕೇಬಲ್ ಟಿವಿಯಿಂದ, ಮಕ್ಕಳ ಟ್ರಂಪ್ ಕಾರ್ಡುಗಳಿಂದ. ಆ ಮಕ್ಕಳಿಗೆಲ್ಲ ಅಂಡರ್‌ಟೇಕರ್ ಎಂದರೆ ಸಾವೇ ಇಲ್ಲದವನು. 1991ರಿಂದ ರೆಸಲ್‌ಮೇನಿಯಾದಲ್ಲಿ 21 ಬಾರಿ ಸೋಲರಿಯದ ಅವರು 2014ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್‌ಗೆ ಸೋತಾಗ ಕ್ರೀಡಾಂಗಣ ದಂಗಾಯಿತು. ಭಾರತದ ಪಾಲು ಎಂದರೆ ಹಿಮಾಚಲದ ದಿ ಗ್ರೇಟ್ ಖಲಿ. ಆಂಡ್ರೆ ಕುಸ್ತಿಯ 20ನೇ ವರ್ಷಕ್ಕೆ, 2007ರಲ್ಲಿ ಡೆಟ್ರಾಯಿಟ್‌ನಲ್ಲಿ ಕುಸ್ತಿಪಟು ಕೇನ್ ಈ ಖಲಿಯನ್ನು ಎತ್ತಿ ಕೆಡವಿದರು. ಗೆದ್ದದ್ದು ಮಾತ್ರ ಖಲಿ.

ಹೆಂಗಸರಿಗೆ ಕೊನೆಯ ಮುಖ್ಯ ಕುಸ್ತಿಯ ಗೌರವ ಸಿಗಲು 2019ರವರೆಗೆ ಕಾಯಬೇಕಾಯಿತು. ಬೆಕಿ ಲಿಂಚ್ ಗೆದ್ದರು. ಮೊದಲ ರಾತ್ರಿಯೇ ವೆಂಡಿ ರಿಕ್ಟರ್ ಅಖಾಡದಲ್ಲಿದ್ದುದನ್ನು ನೆನೆದರೆ ಇದು ಬಹಳ ತಡ. 2020ರಲ್ಲಿ ಕೋವಿಡ್‌ನಿಂದಾಗಿ ಒರ್ಲಾಂಡೋದ ತರಬೇತಿ ಕೇಂದ್ರದಲ್ಲಿ ಪ್ರೇಕ್ಷಕರೇ ಇಲ್ಲದೆ ಎರಡು ರಾತ್ರಿ ಪ್ರದರ್ಶನ ನಡೆಯಿತು. ಎರಡು ರಾತ್ರಿಯ ಕ್ರಮ ಅಂದಿನಿಂದ ಹಾಗೆಯೇ ಉಳಿದಿದೆ.

ಇಷ್ಟಾದರೂ ಕಂಪನಿ ತನ್ನ ಕುಸ್ತಿಪಟುಗಳನ್ನು ನೌಕರರೆಂದು ಒಪ್ಪಿಲ್ಲ; ಅವರು ಸ್ವತಂತ್ರ ಗುತ್ತಿಗೆದಾರರು, ಅವರಿಗೆ ಕಾರ್ಮಿಕ ಸಂಘವಿಲ್ಲ. 1986ರಲ್ಲಿ ಎರಡನೇ ರೆಸಲ್‌ಮೇನಿಯಾದ ಹೊತ್ತಿಗೇ ಜೆಸ್ಸಿ ವೆಂಚುರಾ ಸಂಘ ಕಟ್ಟಲು ಯತ್ನಿಸಿದ್ದರು, ಕೈಗೂಡಲಿಲ್ಲ. ಮುಂದೆ ಮಿನೆಸೋಟದ ಗವರ್ನರ್ ಆದ ಆ ಮನುಷ್ಯ ಅಂದು ಕೇಳಿದ್ದು ನ್ಯಾಯವಾದದ್ದೇ. ನಲವತ್ತು ವರ್ಷ ಬೆನ್ನು ಕೊಟ್ಟವರಿಗೆ ಕಂಪನಿ ಈಗಲಾದರೂ ಅದನ್ನು ಕೊಡಲಿ.