ಲೂಸಿಲ್ ಬಾಲ್

ಲೂಸಿಲ್ ಬಾಲ್ (1911–1989) ಅಮೆರಿಕದ ಚಲನಚಿತ್ರ ಹಾಗೂ ಟೆಲಿವಿಷನ್ ನಟಿ, ಹಾಸ್ಯ ಕಲಾವಿದೆ, ನಿರ್ಮಾಪಕಿ. 1951ರಿಂದ 1957ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ‘ಐ ಲವ್ ಲೂಸಿ’ ಹಾಸ್ಯ ಧಾರಾವಾಹಿಯ ಲೂಸಿ ರಿಕಾರ್ಡೊ ಪಾತ್ರ ಅವರಿಗೆ ದೇಶವಿದೇಶಗಳಲ್ಲಿ ಹೆಸರು ತಂದಿತು. ಹದಿನೆಂಟು ವರ್ಷ ಹಾಲಿವುಡ್‌ನಲ್ಲಿ ದುಡಿದೂ ಮೊದಲ ಸಾಲಿನ ತಾರೆಯಾಗದಿದ್ದ ಅವರು ನಲವತ್ತರ ವಯಸ್ಸಿನಲ್ಲಿ ಕಿರುತೆರೆಗೆ ಬಂದರು. ಆ ಮಾಧ್ಯಮದ ಚಿತ್ರೀಕರಣ ಕ್ರಮವನ್ನೂ ವ್ಯವಹಾರದ ಲೆಕ್ಕವನ್ನೂ ಬದಲಿಸಿದವರಲ್ಲಿ ಅವರದು ಮುಖ್ಯ ಹೆಸರು. ಪ್ರೇಕ್ಷಕರಿಗೆ ಹುಡುಗಾಟದಂತೆ ಕಾಣುವ ಅವರ ಹಾಸ್ಯದ ಹಿಂದೆ ಇದ್ದದ್ದು ಕಟ್ಟುನಿಟ್ಟಾದ ತಾಲೀಮು ಮತ್ತು ಬಿಡುವಿಲ್ಲದ ದುಡಿಮೆ.

ಬಾಲ್ಯ ಮತ್ತು ಆರಂಭದ ದಿನಗಳು

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ತಂದೆ ಹೆನ್ರಿ ಬಾಲ್ ಟೆಲಿಫೋನ್ ಕಂಪನಿಯಲ್ಲಿ ಲೈನ್‌ಮನ್ ಆಗಿದ್ದರು. ಮಗಳಿಗೆ ಮೂರು ವರ್ಷವಿದ್ದಾಗ, 1915ರಲ್ಲಿ, ಅವರು ಟೈಫಾಯಿಡ್ ಜ್ವರದಿಂದ ತೀರಿಕೊಂಡರು. ತಾಯಿ ಡೆಸಿರೀ ಆಗ ಬಸುರಿ; ಕೆಲವು ತಿಂಗಳಲ್ಲಿ ತಮ್ಮ ಫ್ರೆಡ್ ಹುಟ್ಟಿದ. ಮುಂದೆ ಮಕ್ಕಳು ಬೆಳೆದದ್ದು ಷಟಾಕ್ವಾ ಸರೋವರದ ದಂಡೆಯ ಸೆಲೊರಾನ್ ಎಂಬ ಹಳ್ಳಿಯಲ್ಲಿ, ತಾಯಿಯ ತವರಿನಲ್ಲಿ. ತಾತ ಫ್ರೆಡ್ ಹಂಟ್‌ಗೆ ಹಾಡು, ಕುಣಿತ, ಕೋಡಂಗಿಯಾಟಗಳು ಬೆರೆತ ವಾಡ್‌ವಿಲ್ ಪ್ರದರ್ಶನಗಳೆಂದರೆ ಪ್ರಾಣ. ಮೊಮ್ಮಗಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು.

1926ರಲ್ಲಿ ತಾಯಿ ಮಗಳನ್ನು ನ್ಯೂಯಾರ್ಕ್ ನಗರದ ಜಾನ್ ಮರ್ರೆ ಆಂಡರ್ಸನ್ ನಾಟಕ ಶಾಲೆಗೆ ಸೇರಿಸಿದರು. ಅದೇ ಶಾಲೆಯಲ್ಲಿ, ಮುಂದೆ ಚಿತ್ರತಾರೆಯಾದ ಬೆಟ್ಟಿ ಡೇವಿಸ್ ಮೆಚ್ಚಿನ ವಿದ್ಯಾರ್ಥಿನಿ. ಸಂಕೋಚದಿಂದ ಬಾಯೇ ಬಿಡದ ಲೂಸಿಲ್ ನಟನೆಗೆ ಒಗ್ಗುವವಳಲ್ಲವೆಂದು ಶಾಲೆ ಅವರನ್ನು ಮನೆಗೆ ಕಳಿಸಿತು. ಅವರು ಮತ್ತೆ ನ್ಯೂಯಾರ್ಕ್‌ಗೆ ಬಂದು ಹ್ಯಾಟಿ ಕಾರ್ನೆಗಿಯ ಉಡುಪಿನ ಮಳಿಗೆಯಲ್ಲಿ ಮಾಡೆಲ್ ಆದರು. ಅಷ್ಟರಲ್ಲಿ ಕೀಲುವಾತ ಹಿಡಿದು ದೀರ್ಘಕಾಲ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮೇಲೆ ಚೆಸ್ಟರ್‌ಫೀಲ್ಡ್ ಸಿಗರೇಟಿನ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. ಎಡ್ಡಿ ಕ್ಯಾಂಟರ್ ನಾಯಕನಾಗಿದ್ದ ‘ರೋಮನ್ ಸ್ಕ್ಯಾಂಡಲ್ಸ್’ (1933) ಚಿತ್ರಕ್ಕೆ ನರ್ತಕಿಯರ ಗುಂಪಿನಲ್ಲೊಬ್ಬರಾಗಿ ಆಯ್ಕೆಯಾಗಿ ಹಾಲಿವುಡ್ ಸೇರಿದರು.

ಚಿತ್ರರಂಗ

1930ರ ದಶಕದ ನಡುವೆ ಆರ್‌ಕೆಒ ಸ್ಟುಡಿಯೊ ಅವರನ್ನು ಒಪ್ಪಂದದ ಮೇಲೆ ತೆಗೆದುಕೊಂಡಿತು. ‘ಟಾಪ್ ಹ್ಯಾಟ್’ (1935) ಚಿತ್ರದಲ್ಲಿ ಅವರದು ಕಣ್ಣಿಗೆ ಬೀಳುವಷ್ಟರಲ್ಲಿ ಮುಗಿಯುವ ಪಾತ್ರ. ಜಿಂಜರ್ ರಾಜರ್ಸ್‌ ಅವರ ತಾಯಿ ಲೀಲಾ ರಾಜರ್ಸ್ ಸ್ಟುಡಿಯೊದ ಹೊಸಬರಿಗೆ ನಟನೆ ಹೇಳಿಕೊಡುತ್ತಿದ್ದರು. ಲೂಸಿಲ್ ಪಳಗಿದ್ದು ಲೀಲಾರ ಗರಡಿಯಲ್ಲಿ. ಕ್ಯಾಥರೀನ್ ಹೆಪ್‌ಬರ್ನ್ ಮತ್ತು ಜಿಂಜರ್ ರಾಜರ್ಸ್ ನಟಿಸಿದ ‘ಸ್ಟೇಜ್ ಡೋರ್’ (1937) ಲೂಸಿಲ್‌ರನ್ನು ಗುರುತಿಸುವಂತೆ ಮಾಡಿತು. ಮಾರ್ಕ್ಸ್ ಸೋದರರ ‘ರೂಮ್ ಸರ್ವಿಸ್’ (1938), ಡೊರೋಥಿ ಆರ್ಜ್ನರ್ ನಿರ್ದೇಶನದ ‘ಡಾನ್ಸ್, ಗರ್ಲ್, ಡಾನ್ಸ್’ (1940), ಹೆನ್ರಿ ಫೋಂಡಾ ಜೊತೆಗಿನ ‘ದ ಬಿಗ್ ಸ್ಟ್ರೀಟ್’ (1942) ಈ ಕಾಲದ ಗಮನಾರ್ಹ ಚಿತ್ರಗಳು. ‘ದ ಬಿಗ್ ಸ್ಟ್ರೀಟ್’ನಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ, ನಯವಿನಯವಿಲ್ಲದ ಹಾಡುಗಾರ್ತಿಯಾಗಿ ಅವರು ಮಾಡಿದ ಗಂಭೀರ ಪಾತ್ರವನ್ನು ಇಂದು ನೋಡಿದರೂ ಆ ದಾರಿಯಲ್ಲಿ ಅವರಿಗೆ ಇನ್ನಷ್ಟು ಅವಕಾಶ ಸಿಗಬೇಕಿತ್ತು ಅನ್ನಿಸುತ್ತದೆ.

ಮುಂದೆ ಎಂಜಿಎಂ ಸೇರಿ ‘ಡುಬ್ಯಾರಿ ವಾಸ್ ಎ ಲೇಡಿ’ (1943) ವರ್ಣಚಿತ್ರದಲ್ಲಿ ನಟಿಸುವಾಗ ಅವರ ಕೂದಲಿಗೆ ಕೆಂಪು ಬಣ್ಣ ಬಂತು. ಆ ಕೆಂಗೂದಲೇ ಜೀವನಪರ್ಯಂತ ಅವರ ಗುರುತಾಯಿತು. ಎಂಜಿಎಂನಲ್ಲಿ ಅವರಿಗೆ ದಕ್ಕಿದ ನಿಜವಾದ ಲಾಭವೆಂದರೆ ಮೂಕಿಚಿತ್ರಗಳ ಮಹಾನ್ ಹಾಸ್ಯನಟ ಬಸ್ಟರ್ ಕೀಟನ್‌ರ ಒಡನಾಟ. ಆ ಹೊತ್ತಿಗೆ ಕೀಟನ್‌ರ ತಾರಾಮೌಲ್ಯ ಇಳಿದು, ಸ್ಟುಡಿಯೊದಲ್ಲಿ ಹಾಸ್ಯ ಸನ್ನಿವೇಶಗಳನ್ನು ಹೊಸೆದುಕೊಡುವ ಕೆಲಸದಲ್ಲಿದ್ದರು. ಲೂಸಿಲ್‌ರ ಒಳಗಿನ ವಿದೂಷಕಿಯನ್ನು ಮೊದಲು ಕಂಡವರಲ್ಲಿ ಅವರೊಬ್ಬರು. ಕೈಗೆ ಬರುವ ಪ್ರತಿ ವಸ್ತುವನ್ನೂ ಅದರ ತೂಕ, ಜಾರು, ತಿರುವು ತಿಳಿಯುವವರೆಗೆ ಅಭ್ಯಾಸ ಮಾಡಬೇಕೆಂಬ ಪಾಠವನ್ನು ಅವರು ಕಲಿಸಿದರು. ಆದರೆ ಸ್ಟುಡಿಯೊಗಳಿಗೆ ಲೂಸಿಲ್‌ರನ್ನು ಯಾವ ಅಚ್ಚಿನಲ್ಲಿ ಹಾಕಬೇಕೆಂದು ಕೊನೆಗೂ ತಿಳಿಯಲಿಲ್ಲ. ಕಡಿಮೆ ಬಜೆಟ್ಟಿನ ಚಿತ್ರಗಳ ರಾಣಿ ಎಂಬ ಬಿರುದಷ್ಟೇ ಉಳಿಯಿತು.

ವಿವಾಹ ಮತ್ತು ಬಾನುಲಿ

‘ಟೂ ಮೆನಿ ಗರ್ಲ್ಸ್’ (1940) ಚಿತ್ರದ ಸಮಯದಲ್ಲಿ ಲೂಸಿಲ್‌ಗೆ ಕ್ಯೂಬಾದಿಂದ ಬಂದಿದ್ದ ಗಾಯಕ, ವಾದ್ಯವೃಂದದ ನಾಯಕ ಡೆಸಿ ಅರ್ನಾಜ್‌ರ ಪರಿಚಯವಾಯಿತು. 1940ರ ನವೆಂಬರ್ 30ರಂದು ಇಬ್ಬರೂ ಮದುವೆಯಾದರು. ಡೆಸಿ ಊರೂರು ಸುತ್ತಿ ಕಛೇರಿ ನಡೆಸುವವರು, ಲೂಸಿಲ್ ಸ್ಟುಡಿಯೊದಲ್ಲಿ ದುಡಿಯುವವರು. ಸಂಸಾರ ಹೆಚ್ಚಿನ ಕಾಲ ಫೋನಿನಲ್ಲೇ ನಡೆಯಿತು. 1948ರಲ್ಲಿ ಸಿಬಿಎಸ್ ರೇಡಿಯೊದ ‘ಮೈ ಫೇವರಿಟ್ ಹಸ್ಬೆಂಡ್’ ಹಾಸ್ಯ ಸರಣಿಯಲ್ಲಿ ಲೂಸಿಲ್ ತರಲೆ ಹೆಂಡತಿಯ ಪಾತ್ರಕ್ಕೆ ಕಂಠ ಕೊಟ್ಟರು. ಅದರ ಬರಹಗಾರರಾದ ಜೆಸ್ ಒಪೆನ್‌ಹೈಮರ್, ಮ್ಯಾಡೆಲಿನ್ ಪ್ಯೂ ಮತ್ತು ಬಾಬ್ ಕ್ಯಾರೊಲ್ ಮುಂದೆ ಅವರ ಕಿರುತೆರೆಯ ಯಶಸ್ಸಿಗೂ ಬೆನ್ನೆಲುಬಾದರು.

ಆ ಸರಣಿಯನ್ನು ಟೆಲಿವಿಷನ್ನಿಗೆ ತರಬೇಕೆಂದು ಸಿಬಿಎಸ್ ಕೇಳಿದಾಗ, ಗಂಡನ ಪಾತ್ರಕ್ಕೆ ಡೆಸಿಯೇ ಬೇಕೆಂದು ಲೂಸಿಲ್ ಪಟ್ಟು ಹಿಡಿದರು. ಕ್ಯೂಬಾದ ಉಚ್ಚಾರಣೆಯ ಗಂಡನನ್ನು ಅಮೆರಿಕದ ಮನೆಮಂದಿ ಒಪ್ಪಲಾರರೆಂಬುದು ವಾಹಿನಿಯ ಅಂಜಿಕೆ. ಅದು ಸುಳ್ಳೆಂದು ತೋರಿಸಲು ದಂಪತಿ 1950ರಲ್ಲಿ ಡೆಸಿಲೂ ಎಂಬ ಸಂಸ್ಥೆ ಕಟ್ಟಿಕೊಂಡು, ರಂಗಪ್ರದರ್ಶನದೊಂದಿಗೆ ಊರೂರು ತಿರುಗಿದರು. ಜನ ಚಪ್ಪಾಳೆ ತಟ್ಟಿದರು, ವಾಹಿನಿ ಮಣಿಯಿತು.

‘ಐ ಲವ್ ಲೂಸಿ’

ಆ ಕಾಲದ ಬಹುಪಾಲು ಟೆಲಿವಿಷನ್ ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗಾಗಿ ಟಿವಿ ಪರದೆಯ ಮುಂದೆಯೇ ಕ್ಯಾಮೆರಾ ಇಟ್ಟು ತೆಗೆದ ಮಸುಕು ಪ್ರತಿಯನ್ನು ಕಳಿಸುತ್ತಿದ್ದರು. ಲೂಸಿಲ್ ದಂಪತಿಗೆ ಹಾಲಿವುಡ್ ಬಿಡುವ ಮನಸ್ಸಿರಲಿಲ್ಲ. ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿಗೆ ಪೂರ್ವ ತೀರದ ವೀಕ್ಷಕರಿಗೆ ಮಸುಕು ಚಿತ್ರ ತೋರಿಸಲು ಇಷ್ಟವಿರಲಿಲ್ಲ. ಸಿನಿಮಾದಂತೆ 35 ಎಂಎಂ ಫಿಲ್ಮಿನಲ್ಲೇ ಚಿತ್ರೀಕರಿಸೋಣವೆಂದು ಡೆಸಿ ದಾರಿ ತೋರಿಸಿದರು. ಖರ್ಚು ಏರಿತು. ದಂಪತಿ ತಮ್ಮ ಸಂಭಾವನೆ ತಗ್ಗಿಸಿಕೊಂಡು, ಬದಲಿಗೆ ಸಂಚಿಕೆಗಳ ಒಡೆತನ ತಮ್ಮ ಸಂಸ್ಥೆಗೇ ಇರಬೇಕೆಂದು ಕರಾರು ಮಾಡಿಕೊಂಡರು. ಒಮ್ಮೆ ಪ್ರಸಾರವಾದದ್ದಕ್ಕೆ ಮತ್ತೆ ಬೆಲೆಯಿರುತ್ತದೆಂದು ಆಗ ಹೆಚ್ಚಿನವರು ಎಣಿಸಿರಲಿಲ್ಲ.

ಎದುರಿಗೆ ಪ್ರೇಕ್ಷಕರಿದ್ದರೆ ಲೂಸಿಲ್‌ರ ನಟನೆ ರಂಗೇರುತ್ತಿತ್ತು. ಹಾಗಾಗಿ ಸ್ಟುಡಿಯೊದ ಒಂದು ಬದಿಗೆ ಸುಮಾರು 300 ಜನರಿಗೆ ಆಸನ ಹಾಕಿ, ಮೂರು ಫಿಲ್ಮ್ ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸುವ ವ್ಯವಸ್ಥೆಯಾಯಿತು. ಒಂದು ಕ್ಯಾಮೆರಾ ಇಡೀ ದೃಶ್ಯವನ್ನು, ಉಳಿದೆರಡು ಹತ್ತಿರದಿಂದ ಮುಖಭಾವಗಳನ್ನು ಹಿಡಿಯುತ್ತಿದ್ದವು. ಎಲ್ಲ ಕೋನಕ್ಕೂ ಹೊಂದುವ ಬೆಳಕನ್ನು ರೂಪಿಸಿದವರು ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದ ಛಾಯಾಗ್ರಾಹಕರಲ್ಲೊಬ್ಬರಾದ ಕಾರ್ಲ್ ಫ್ರಾಯ್ಂಡ್. ಇದರಿಂದ ನಾಟಕದಂತೆ ಕಥೆ ತಡೆಯಿಲ್ಲದೆ ಸಾಗುತ್ತಿತ್ತು, ನಗು ನಿಜವಾದ ಪ್ರೇಕ್ಷಕರದೇ ಆಗಿರುತ್ತಿತ್ತು.

ಮೊದಲ ಸಂಚಿಕೆ 1951ರ ಅಕ್ಟೋಬರ್ 15ರ ಸೋಮವಾರ ರಾತ್ರಿ ಪ್ರಸಾರವಾಯಿತು. ನ್ಯೂಯಾರ್ಕ್‌ನ ಬಾಡಿಗೆ ಮನೆಯಲ್ಲಿರುವ ವಾದ್ಯವೃಂದದ ನಾಯಕ ರಿಕಿ, ಹೇಗಾದರೂ ರಂಗ ಹತ್ತಬೇಕೆಂದು ಹಟ ಹಿಡಿದ ಅವನ ಹೆಂಡತಿ ಲೂಸಿ, ಮನೆಯ ಮಾಲೀಕರೂ ನೆರೆಯವರೂ ಆದ ಫ್ರೆಡ್ ಮತ್ತು ಎಥೆಲ್ ಮರ್ಟ್ಜ್ – ಈ ನಾಲ್ವರ ಸುತ್ತಲೇ ಕಥೆ. ಮರ್ಟ್ಜ್ ದಂಪತಿಯಾಗಿ ವಿಲಿಯಮ್ ಫ್ರಾಲಿ ಮತ್ತು ವಿವಿಯನ್ ವ್ಯಾನ್ಸ್ ನಟಿಸಿದರು. ಆರು ಋತುಗಳಲ್ಲಿ ನಾಲ್ಕು ಬಾರಿ ಧಾರಾವಾಹಿ ವೀಕ್ಷಕರ ಸಂಖ್ಯೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆಯಿತು.

ಅಭಿನಯದ ಬಗೆ

1952ರ ‘ಜಾಬ್ ಸ್ವಿಚಿಂಗ್’ ಸಂಚಿಕೆ ಲೂಸಿಲ್‌ರ ಕಲೆಗೆ ಒಳ್ಳೆಯ ಮಾದರಿ. ಲೂಸಿ ಮತ್ತು ಎಥೆಲ್ ಚಾಕೊಲೇಟ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾರೆ. ಚಲಿಸುವ ಪಟ್ಟಿಯ ಮೇಲೆ ಬರುವ ಒಂದೊಂದು ಚಾಕೊಲೇಟನ್ನೂ ಕಾಗದದಲ್ಲಿ ಸುತ್ತಿ ಬಿಡಬೇಕು. ಒಂದು ತಪ್ಪಿದರೂ ಕೆಲಸ ಹೋದಂತೆ. ಮೊದಲು ಸಲೀಸಾಗಿ ಸಾಗುತ್ತದೆ. ಪಟ್ಟಿಯ ವೇಗ ಏರಿದಂತೆ ಕೈ ಸಾಲದಾಗುತ್ತದೆ. ಲೂಸಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ, ಇನ್ನಷ್ಟನ್ನು ಟೋಪಿಗೆ, ಕುಪ್ಪಸಕ್ಕೆ ತುರುಕುತ್ತಾಳೆ. ಮೇಲ್ವಿಚಾರಕಿ ಬಂದು ಭೇಷ್ ಎಂದು ಮೆಚ್ಚಿ ವೇಗ ಹೆಚ್ಚಿಸಲು ಹೇಳಿದಾಗ, ತುಂಬಿದ ಬಾಯಿಯ ಮೇಲೆ ಬೆಪ್ಪಾಗಿ ಅರಳುವ ಆ ಕಣ್ಣುಗಳಷ್ಟೇ ಮಾತಾಡುತ್ತವೆ. ಅದೇ ಸಂಚಿಕೆಯ ಇನ್ನೊಂದು ದೃಶ್ಯಕ್ಕೆ ಚಾಕೊಲೇಟ್ ಅದ್ದುವ ಕೆಲಸವನ್ನೇ ಕಸುಬಾಗಿಸಿಕೊಂಡಿದ್ದ ಹೆಂಗಸನ್ನು ಕರೆಸಲಾಗಿತ್ತು. ಅವರ ನಿರ್ಲಿಪ್ತ ಮುಖದ ಪಕ್ಕದಲ್ಲಿ ಲೂಸಿಯ ತಡವರಿಕೆ ಇಮ್ಮಡಿಯಾಗಿ ಕಾಣುತ್ತದೆ. ಟಾನಿಕ್ಕಿನ ಜಾಹೀರಾತಿನ ಸಂಚಿಕೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾ, ಚಮಚ ಚಮಚವಾಗಿ ಮದ್ಯಸಾರ ಬೆರೆತ ಟಾನಿಕ್ ಕುಡಿಯುತ್ತಾ, ನಾಲಿಗೆ ಹಂತಹಂತವಾಗಿ ತೊದಲುವುದನ್ನು ಅವರು ತೋರಿಸಿದ ಲೆಕ್ಕಾಚಾರ ಅಷ್ಟೇ ಅಚ್ಚುಕಟ್ಟು.

ಸೆಟ್ಟಿನಲ್ಲಿ ಅವರು ಮುಂಚಿತವಾಗಿ ಬರೆಯದ ಆಟವನ್ನು ನೆಚ್ಚುತ್ತಿರಲಿಲ್ಲ. ಎಲ್ಲ ಕಸರತ್ತುಗಳೂ ಸ್ಕ್ರಿಪ್ಟಿನಲ್ಲೇ ಇರುತ್ತಿದ್ದವು. ವಾರವಿಡೀ ತಾಲೀಮು ನಡೆಯುತ್ತಿತ್ತು. ಅಂದಚೆಂದದ ನಟಿಯೊಬ್ಬಳು ಮುಖಕ್ಕೆ ಮಸಿ ಬಳಿದುಕೊಳ್ಳಲು, ಹಲ್ಲು ಕಪ್ಪಾಗಿಸಿಕೊಳ್ಳಲು, ದ್ರಾಕ್ಷಿಯ ತೊಟ್ಟಿಯಲ್ಲಿ ಬಿದ್ದು ಹೊರಳಲು ಹಿಂಜರಿಯದಿದ್ದುದು ಹಾಸ್ಯನಟಿಯರ ದಾರಿಯನ್ನೇ ಅಗಲಗೊಳಿಸಿತು.

ಗರ್ಭಿಣಿ ಲೂಸಿ ಮತ್ತು ವಿಚಾರಣೆ

1952ರಲ್ಲಿ ಲೂಸಿಲ್ ಎರಡನೆಯ ಮಗುವಿಗೆ ಬಸುರಿಯಾದರು. ಬಸುರನ್ನು ತೆರೆಯ ಮೇಲೆ ಮರೆಮಾಚುವುದು ಅಂದಿನ ವಾಡಿಕೆ. ದಂಪತಿ ಹಾಗೂ ಬರಹಗಾರರು ಅದನ್ನೇ ಕಥೆಯೊಳಕ್ಕೆ ತಂದರು. ಬಸುರಿ ಎಂಬ ನೇರ ಪದವನ್ನು ಮಾತುಗಳಲ್ಲಿ ಬಳಸಲು ವಾಹಿನಿ ಬಿಡಲಿಲ್ಲ. ಸ್ಕ್ರಿಪ್ಟುಗಳನ್ನು ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಮತ್ತು ಯಹೂದಿ ಧರ್ಮಗುರುಗಳು ಓದಿ ಒಪ್ಪಿಗೆ ಕೊಟ್ಟರು. 1953ರ ಜನವರಿ 19ರಂದು ಲೂಸಿ ಆಸ್ಪತ್ರೆಗೆ ಹೋಗುವ ಸಂಚಿಕೆ ಪ್ರಸಾರವಾಯಿತು. ಲೂಸಿಲ್‌ರ ಮಗ ಡೆಸಿ ಜೂನಿಯರ್ ಹುಟ್ಟಿದ್ದೂ ಅದೇ ದಿನ. ಸುಮಾರು 4.4 ಕೋಟಿ ಜನ ಅದನ್ನು ನೋಡಿದರು. ಮರುದಿನದ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನ ಸಮಾರಂಭವನ್ನು ಟಿವಿಯಲ್ಲಿ ನೋಡಿದವರು ಅದಕ್ಕಿಂತ ಕಡಿಮೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಟಕವೊಂದು ಎದುರಾಯಿತು. 1936ರಲ್ಲಿ ಲೂಸಿಲ್ ಮತದಾರರ ಪಟ್ಟಿಗೆ ಹೆಸರು ಕೊಡುವಾಗ ಕಮ್ಯುನಿಸ್ಟ್ ಪಕ್ಷವನ್ನು ನಮೂದಿಸಿದ್ದರು. ಕಮ್ಯುನಿಸ್ಟ್ ನಂಟಿನ ಗುಮಾನಿಯೊಂದೇ ಕಲಾವಿದರ ಅನ್ನ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಸಮಾಜವಾದಿಯಾಗಿದ್ದ ತಾತನ ಮನಸ್ಸು ನೋಯಿಸಬಾರದೆಂದು ಹಾಗೆ ಮಾಡಿದ್ದಾಗಿ ಅವರು ಸಂಸತ್ತಿನ ಸಮಿತಿಗೆ ಹೇಳಿಕೆ ಕೊಟ್ಟರು. ಚಿತ್ರೀಕರಣದ ಸಂಜೆ ಡೆಸಿ ಪ್ರೇಕ್ಷಕರ ಮುಂದೆ ನಿಂತು, ಲೂಸಿಯಲ್ಲಿ ಕೆಂಪಾಗಿರುವುದು ಕೂದಲೊಂದೇ, ಅದೂ ಬಣ್ಣ ಹಚ್ಚಿದ್ದು ಎಂದರು. ಪ್ರೇಕ್ಷಕರು ಅವರ ಪರ ನಿಂತರು, ಧಾರಾವಾಹಿ ಉಳಿಯಿತು.

ಸ್ಟುಡಿಯೊದ ಒಡತಿ

ಒಡೆತನದ ಆ ಹಳೆಯ ಕರಾರು ಈಗ ಫಲ ಕೊಟ್ಟಿತು. ಸಂಚಿಕೆಗಳ ಮರುಪ್ರಸಾರದ ಹಕ್ಕನ್ನು ಡೆಸಿಲೂ ಸಿಬಿಎಸ್‌ಗೇ ಮಾರಿತು. 1957ರಲ್ಲಿ ಡೆಸಿಲೂ ಆರ್‌ಕೆಒ ಸ್ಟುಡಿಯೊದ ಜಾಗವನ್ನು ಕೊಂಡುಕೊಂಡಿತು. ಒಂದು ಕಾಲಕ್ಕೆ ಸಣ್ಣಪುಟ್ಟ ಪಾತ್ರಗಳಿಗಾಗಿ ಕಾದಿದ್ದ ಆವರಣಕ್ಕೆ ಲೂಸಿಲ್ ಒಡತಿಯಾದರು. ಆದರೆ ಡೆಸಿಯ ಕುಡಿತ, ಮನಸ್ತಾಪಗಳಿಂದ ದಾಂಪತ್ಯ ಮುರಿಯಿತು. 1960ರಲ್ಲಿ ವಿಚ್ಛೇದನವಾಯಿತು. ಮರುವರ್ಷ ಅವರು ಹಾಸ್ಯ ಕಲಾವಿದ ಗ್ಯಾರಿ ಮಾರ್ಟನ್‌ರನ್ನು ಮದುವೆಯಾದರು. 1962ರಲ್ಲಿ ಡೆಸಿಯ ಪಾಲನ್ನು ಕೊಂಡು ಡೆಸಿಲೂ ಅಧ್ಯಕ್ಷೆಯಾದರು. ಅಷ್ಟು ದೊಡ್ಡ ಟೆಲಿವಿಷನ್ ಸ್ಟುಡಿಯೊವನ್ನು ನಡೆಸಿದ ಮೊದಲ ಮಹಿಳೆ ಅವರು. ಖರ್ಚು ಕೈಮೀರೀತೆಂಬ ಅಳುಕು ಸಂಸ್ಥೆಯೊಳಗೇ ಇದ್ದಾಗಲೂ ‘ಸ್ಟಾರ್ ಟ್ರೆಕ್’ ಮತ್ತು ‘ಮಿಷನ್: ಇಂಪಾಸಿಬಲ್’ ಸರಣಿಗಳಿಗೆ ಬೆಂಬಲ ಕೊಟ್ಟರು; ಎರಡೂ 1966ರಲ್ಲಿ ಪ್ರಸಾರ ಆರಂಭಿಸಿದವು. 1967ರಲ್ಲಿ ಸಂಸ್ಥೆಯನ್ನು ಗಲ್ಫ್ ಅಂಡ್ ವೆಸ್ಟರ್ನ್ ಕಂಪನಿಗೆ ಮಾರಿದರು.

ಈ ನಡುವೆ ನಟನೆ ನಿಲ್ಲಲಿಲ್ಲ. ‘ದ ಲೂಸಿ ಶೋ’ (1962–68), ‘ಹಿಯರ್ಸ್ ಲೂಸಿ’ (1968–74) ಜನಪ್ರಿಯವಾದವು. ಎರಡನೆಯದರಲ್ಲಿ ಮಕ್ಕಳಾದ ಲೂಸಿ ಅರ್ನಾಜ್ ಮತ್ತು ಡೆಸಿ ಜೂನಿಯರ್ ಜೊತೆಗೆ ನಟಿಸಿದರು. 1972ರಲ್ಲಿ ಸ್ಕೀ ಆಡುವಾಗ ಕಾಲು ಮುರಿದರೆ, ಕಥೆಯಲ್ಲೂ ಕಾಲು ಮುರಿಸಿ ಪ್ಲಾಸ್ಟರ್ ಸಮೇತ ಅಭಿನಯಿಸಿದರು.

ಕೊನೆಯ ವರ್ಷಗಳು ಮತ್ತು ಮಹತ್ವ

‘ಯುವರ್ಸ್, ಮೈನ್ ಅಂಡ್ ಅವರ್ಸ್’ (1968) ಚಿತ್ರ ಗೆದ್ದಿತು, ಸಂಗೀತಮಯ ‘ಮೇಮ್’ (1974) ಸೋತಿತು. ‘ಸ್ಟೋನ್ ಪಿಲ್ಲೊ’ (1985) ಟೆಲಿಚಿತ್ರದಲ್ಲಿ ನ್ಯೂಯಾರ್ಕ್‌ನ ಬೀದಿಯಲ್ಲಿ ಬದುಕುವ ಮುದುಕಿಯಾಗಿ ಕಾಣಿಸಿಕೊಂಡರು. 1986ರ ‘ಲೈಫ್ ವಿತ್ ಲೂಸಿ’ ಕೆಲವೇ ಸಂಚಿಕೆಗಳಲ್ಲಿ ನಿಂತುಹೋಯಿತು. ನಟನೆಗಾಗಿ ನಾಲ್ಕು ಎಮಿ ಪ್ರಶಸ್ತಿಗಳೂ 1986ರಲ್ಲಿ ಕೆನಡಿ ಸೆಂಟರ್ ಗೌರವವೂ ಅವರಿಗೆ ಸಂದವು. 1989ರ ಏಪ್ರಿಲ್ 26ರಂದು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಮರಣೋತ್ತರವಾಗಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ನೀಡಲಾಯಿತು.

ಪ್ರೇಕ್ಷಕರೆದುರು ಹಲವು ಕ್ಯಾಮೆರಾಗಳಲ್ಲಿ ಹಾಸ್ಯ ಧಾರಾವಾಹಿ ಚಿತ್ರಿಸುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಮರುಪ್ರಸಾರದ ಆದಾಯವಂತೂ ಟೆಲಿವಿಷನ್ ಉದ್ಯಮದ ಆಧಾರಗಳಲ್ಲೊಂದಾಗಿ ಬೆಳೆಯಿತು. ಈ ಏರ್ಪಾಟುಗಳ ಚಾಲಕಶಕ್ತಿ ಡೆಸಿಯ ವ್ಯವಹಾರ ಬುದ್ಧಿಯಾದರೆ, ಅವುಗಳಿಗೆ ಬೆಲೆ ತಂದದ್ದು ಲೂಸಿಲ್‌ರ ಅಭಿನಯ. ಮತ್ತೆ ನೋಡಬೇಕೆನ್ನಿಸುವ ನಟನೆ ಅದಾಗಿರದಿದ್ದರೆ ಜೋಪಾನ ಮಾಡಿದ ಆ ಫಿಲ್ಮ್ ಸುರುಳಿಗಳನ್ನು ಎರಡನೆಯ ಸಲ ಕೇಳುವವರೇ ಇರುತ್ತಿರಲಿಲ್ಲ.