1922ರ ನವೆಂಬರ್: ಎರಡು ಸಭೆಗಳು, ಎರಡು ದಾರಿಗಳು

ಮೊದಲನೆಯ ಮಹಾಯುದ್ಧ 1918ರಲ್ಲಿ ಮುಗಿಯಿತು. ಎರಡನೆಯದು 1939ರಲ್ಲಿ ಆರಂಭವಾಯಿತು. ನಡುವಿನ ಇಪ್ಪತ್ತೊಂದು ವರ್ಷಗಳನ್ನು ನಾವು ಸಾಮಾನ್ಯವಾಗಿ ಎರಡು ಯುದ್ಧಗಳ ನಡುವಿನ ಬಿಡುವು ಎಂದಷ್ಟೇ ಓದಿಕೊಂಡು ಮುಂದೆ ಹೋಗುತ್ತೇವೆ. ಆದರೆ ಆ ಅವಧಿಯ ಒಂದೇ ಒಂದು ತಿಂಗಳನ್ನು ಗಮನವಿಟ್ಟು ನೋಡಿದರೂ ಮುಂದಿನ ನೂರು ವರ್ಷಗಳ ಅನೇಕ ಸಂಗತಿಗಳ ಬೇರು ಅಲ್ಲಿ ಸಿಗುತ್ತದೆ. 1922ರ ನವೆಂಬರ್ ಅಂತಹ ಒಂದು ತಿಂಗಳು.

ಅಂಕಾರದ ಸಭೆ

ನವೆಂಬರ್ 1ರಂದು ಅಂಕಾರದಲ್ಲಿ ಸೇರಿದ ತುರ್ಕಿಯ ಮಹಾ ರಾಷ್ಟ್ರೀಯ ಸಭೆ ಸುಲ್ತಾನಗಿರಿಯನ್ನು ರದ್ದುಗೊಳಿಸಿತು. ಆರು ಶತಮಾನಗಳಿಗೂ ಹೆಚ್ಚು ಕಾಲ ಆಳಿದ ಉಸ್ಮಾನಿಯಾ ರಾಜಮನೆತನದ ಅಧಿಕಾರ ಅಲ್ಲಿಗೆ ಕೊನೆಗೊಂಡಿತು. ಇದಕ್ಕೆ ತಕ್ಷಣದ ಕಾರಣವೂ ಇತ್ತು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಡೆಯಲಿದ್ದ ಶಾಂತಿ ಸಮ್ಮೇಳನಕ್ಕೆ ಮಿತ್ರರಾಷ್ಟ್ರಗಳು ಅಂಕಾರದ ಸರಕಾರವನ್ನೂ ಇಸ್ತಾಂಬುಲ್‌ನ ಸುಲ್ತಾನರ ಸರಕಾರವನ್ನೂ ಒಟ್ಟಿಗೆ ಆಹ್ವಾನಿಸಿದ್ದವು. ಒಂದು ದೇಶ ಎರಡು ಬಾಯಿಗಳಿಂದ ಮಾತನಾಡಿದರೆ ಲಾಭ ಯಾರಿಗೆ ಎಂಬುದನ್ನು ಮುಸ್ತಫಾ ಕೆಮಾಲ್ ಮತ್ತು ಅವರ ಸಂಗಡಿಗರು ಚೆನ್ನಾಗಿ ಅರಿತಿದ್ದರು.

ನವೆಂಬರ್ 17ರಂದು ಕೊನೆಯ ಸುಲ್ತಾನ ಆರನೆಯ ಮೆಹಮದ್ ‘ಮಲಯಾ’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನೇರಿ ದೇಶ ಬಿಟ್ಟರು. ಇದರ ಬೆನ್ನಲ್ಲೇ ಸಭೆಯು ಅದೇ ಮನೆತನದ ಅಬ್ದುಲ್ ಮಜೀದರನ್ನು ಖಲೀಫರಾಗಿ ಆರಿಸಿತು. ಖಲೀಫ ಪದವಿ ಉಳಿಯಿತು, ರಾಜ್ಯಾಧಿಕಾರ ಉಳಿಯಲಿಲ್ಲ. 1924ರ ಮಾರ್ಚ್ 3ರಂದು ಆ ಪದವಿಯೂ ರದ್ದಾಯಿತು.

ಈ ಸುದ್ದಿ ಭಾರತಕ್ಕೆ ದೂರದ್ದಾಗಿರಲಿಲ್ಲ. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಮಂಗಳೂರು, ಬೆಂಗಳೂರುಗಳಿಗೂ ಬಂದು ಖಿಲಾಫತ್ ಮತ್ತು ಅಸಹಕಾರದ ಸಂದೇಶ ಸಾರಿದ್ದರು. 1922ರ ನವೆಂಬರ್‌ನಲ್ಲಿ ಗಾಂಧೀಜಿ ಯೆರವಾಡ ಜೈಲಿನಲ್ಲಿದ್ದರು. ಅಲಿ ಸಹೋದರರೂ ಸೆರೆಯಲ್ಲಿದ್ದರು. ಯಾವ ಖಿಲಾಫತ್‌ಗಾಗಿ ಭಾರತದ ಸಾವಿರಾರು ಮಂದಿ ಜೈಲು ಸೇರಿದ್ದರೋ ಅದರ ಭವಿಷ್ಯವನ್ನು ಅವರನ್ನು ಕೇಳದೆಯೇ ಬೇರೊಂದು ದೇಶ ತನ್ನ ಅಗತ್ಯಕ್ಕೆ ತಕ್ಕಂತೆ ತೀರ್ಮಾನಿಸಿತು.

ರೋಮ್‌ನ ಸಭೆ

ಅದೇ ತಿಂಗಳು ಇಟಲಿಯಲ್ಲಿ ಮತ್ತೊಂದು ಸಭೆ ಸೇರಿತ್ತು. ಅಕ್ಟೋಬರ್ ಕೊನೆಯಲ್ಲಿ ಕಪ್ಪಂಗಿಯ ಫ್ಯಾಸಿಸ್ಟ್ ದಳಗಳು ರೋಮ್‌ನತ್ತ ಹೊರಟಾಗ ಅರಸ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಸೈನ್ಯದಿಂದ ತಡೆಯುವ ಬದಲು ಮುಸೊಲಿನಿಯನ್ನು ಕರೆದು ಪ್ರಧಾನಿ ಪಟ್ಟ ಕೊಟ್ಟಿದ್ದ. ನವೆಂಬರ್ 16ರಂದು ಮುಸೊಲಿನಿ ಪ್ರತಿನಿಧಿಗಳ ಎದುರು ನಿಂತು, ತಾನು ಮನಸ್ಸು ಮಾಡಿದ್ದರೆ ಈ ಸಭಾಂಗಣವನ್ನೇ ತನ್ನ ದಳಗಳ ಬಿಡಾರವನ್ನಾಗಿ ಮಾಡಬಹುದಿತ್ತು ಎಂಬರ್ಥದ ಬೆದರಿಕೆ ಹಾಕಿದ.

ಅವನ ಪಕ್ಷಕ್ಕೆ ಅಲ್ಲಿದ್ದ ಸ್ಥಾನಗಳು ಸುಮಾರು 35 ಮಾತ್ರ. ಆದರೂ 306 ಮಂದಿ ಅವನ ಪರವಾಗಿ ಮತ ಹಾಕಿದರು, ವಿರೋಧಿಸಿದವರು 116. ತಿಂಗಳು ಮುಗಿಯುವ ಮೊದಲೇ ಒಂದು ವರ್ಷದ ವಿಶೇಷಾಧಿಕಾರವನ್ನೂ ಒಪ್ಪಿಸಿದರು. ಇವನನ್ನು ಆಮೇಲೆ ಪಳಗಿಸಬಹುದು ಎಂದು ಹಲವು ಹಿರಿಯ ರಾಜಕಾರಣಿಗಳು ನಂಬಿದ್ದರು. 1926ರ ಹೊತ್ತಿಗೆ ಇಟಲಿಯಲ್ಲಿ ವಿರೋಧ ಪಕ್ಷಗಳೇ ಉಳಿದಿರಲಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅಂಕಾರದ ಸಭೆ ಅರಸನ ಕೈಯಿಂದ ಅಧಿಕಾರ ಪಡೆಯಿತು. ರೋಮ್‌ನ ಸಭೆ ತನ್ನ ಅಧಿಕಾರವನ್ನು ತಾನೇ ಒಬ್ಬನ ಕೈಗೆ ಕೊಟ್ಟಿತು. ತುರ್ಕಿಯಲ್ಲಿಯೂ ಮುಂದೆ ಬಹುಕಾಲ ಏಕಪಕ್ಷದ ಆಡಳಿತವೇ ನಡೆಯಿತೆಂಬುದನ್ನು ಮರೆಯಬಾರದು. ಸಭೆ ಇದ್ದ ಮಾತ್ರಕ್ಕೆ ಸ್ವಾತಂತ್ರ್ಯ ಇರುತ್ತದೆ ಎಂದಲ್ಲ. ಅದರಲ್ಲಿ ಕುಳಿತವರು ‘ಇಲ್ಲ’ ಎನ್ನಬಲ್ಲವರಾಗಿರಬೇಕು.

ಜ್ಞಾನಲೋಕದ ಸುದ್ದಿಗಳು

ನವೆಂಬರ್ 4ರಂದು ಈಜಿಪ್ಟಿನ ಲಕ್ಸರ್ ಬಳಿಯ ಅರಸರ ಕಣಿವೆಯಲ್ಲಿ ಹೋವರ್ಡ್ ಕಾರ್ಟರ್‌ನ ಕೆಲಸಗಾರರಿಗೆ ಕಲ್ಲಿನ ಮೆಟ್ಟಿಲೊಂದು ಕಂಡಿತು. 26ರಂದು ಕಾರ್ಟರ್ ಮೇಣದ ಬತ್ತಿಯ ಬೆಳಕಿನಲ್ಲಿ ಟುಟಾಂಖಾಮುನ್‌ನ ಸಮಾಧಿಯೊಳಗೆ ಇಣುಕಿ ನೋಡಿದ. ಈಜಿಪ್ಟ್ ಅದೇ ವರ್ಷ ಫೆಬ್ರವರಿಯಲ್ಲಿ ಸ್ವತಂತ್ರವೆಂದು ಘೋಷಿತವಾಗಿತ್ತು. ಆದ್ದರಿಂದ ಐದು ಸಾವಿರಕ್ಕೂ ಮಿಕ್ಕ ಆ ವಸ್ತುಗಳು ಲಂಡನ್ನಿಗೆ ಹೋಗದೆ ಈಜಿಪ್ಟಿಗೇ ಉಳಿದವು.

ನವೆಂಬರ್ 9ರಂದು ಐನ್‌ಸ್ಟೈನರಿಗೆ 1921ರ ನೊಬೆಲ್ ಬಹುಮಾನ ಘೋಷಣೆಯಾಯಿತು. ಆಗ ಅವರು ಜಪಾನಿಗೆ ಹೊರಟಿದ್ದ ಹಡಗಿನಲ್ಲಿದ್ದರು. ನವೆಂಬರ್ 14ರಂದು ಲಂಡನ್ನಿನಿಂದ ಬಿಬಿಸಿಯ ದೈನಂದಿನ ರೇಡಿಯೋ ಪ್ರಸಾರ ಆರಂಭವಾಯಿತು. ಆ ದಿನ ಸುದ್ದಿಯನ್ನು ಒಮ್ಮೆ ವೇಗವಾಗಿ, ಇನ್ನೊಮ್ಮೆ ನಿಧಾನವಾಗಿ ಓದಿ ಕೇಳುಗರಿಗೆ ಯಾವುದು ಇಷ್ಟ ಎಂದು ವಿಚಾರಿಸಲಾಯಿತು.

ಲೊಸಾನ್‌ನ ಮೇಜು

ನವೆಂಬರ್ 20ರಂದು ಲೊಸಾನ್ ಸಮ್ಮೇಳನ ಆರಂಭವಾಯಿತು. ಬ್ರಿಟನ್ನಿನ ಲಾರ್ಡ್ ಕರ್ಜನ್ ಎದುರು ತುರ್ಕಿಯ ಇಸ್ಮೆತ್ ಪಾಶಾ ಕುಳಿತಿದ್ದರು. ಸೋತ ದೇಶವೆಂಬ ನೆಲೆಯಲ್ಲಿ ಮಾತನಾಡಲು ಇಸ್ಮೆತ್ ಒಪ್ಪಲಿಲ್ಲ. 1923ರ ಜುಲೈ 24ರ ಒಪ್ಪಂದ ತುರ್ಕಿಗೆ ಗೌರವ ತಂದಿತು.

ಆದರೆ ಅದೇ ಮೇಜಿನಲ್ಲಿ ಇನ್ನೊಂದು ತೀರ್ಮಾನವೂ ಆಯಿತು. 1923ರ ಜನವರಿ 30ರಂದು ಗ್ರೀಸ್ ಮತ್ತು ತುರ್ಕಿ ಜನರ ಕಡ್ಡಾಯ ವಿನಿಮಯಕ್ಕೆ ಸಹಿ ಹಾಕಿದವು. ಮೊದಲೇ ಓಡಿಹೋಗಿದ್ದವರನ್ನೂ ಸೇರಿಸಿ ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿನವರಾದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ತುರ್ಕಿಗೆ ಹೋಗಬೇಕಾಯಿತು. ಅಳತೆಗೋಲು ಧರ್ಮವೊಂದೇ. ಮನೆಯಲ್ಲಿ ಗ್ರೀಕ್ ಮಾತನಾಡುತ್ತಿದ್ದ ಕ್ರೀಟ್ ದ್ವೀಪದ ಮುಸ್ಲಿಮರು ತುರ್ಕಿಗೆ ಬಂದರು. ತುರ್ಕಿ ಭಾಷೆಯ ಅನತೋಲಿಯಾದ ಕ್ರೈಸ್ತರು ಗ್ರೀಸಿಗೆ ಹೋದರು. ಇಬ್ಬರೂ ‘ತಮ್ಮ’ ದೇಶದಲ್ಲಿ ಪರಕೀಯರಾದರು. ಇಸ್ತಾಂಬುಲ್‌ನ ಗ್ರೀಕರಿಗೂ ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೂ ವಿನಾಯಿತಿ ದೊರೆಯಿತು. ನೆರೆಹೊರೆಯವರನ್ನು ಧರ್ಮದ ಆಧಾರದಲ್ಲಿ ಬೇರ್ಪಡಿಸಿದರೆ ಶಾಂತಿ ಬರುತ್ತದೆ ಎಂಬ ವಿಚಾರಕ್ಕೆ ಅಂತಾರಾಷ್ಟ್ರೀಯ ಮುದ್ರೆ ಬಿದ್ದದ್ದು ಹೀಗೆ. ಅದರ ಬೆಲೆ ಏನೆಂದು 1947ರ ನಂತರ ನಮ್ಮ ಉಪಖಂಡಕ್ಕೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿದ್ಯಾರ್ಥಿಗಳು ದಿನವೂ ಸುದ್ದಿ ಓದುತ್ತಾರೆ. ಪ್ರತಿ ಸುದ್ದಿಗೂ ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಲಿ: ತೀರ್ಮಾನಿಸಿದವರು ಯಾರು? ‘ಇಲ್ಲ’ ಎನ್ನಬಹುದಾಗಿದ್ದೂ ಸುಮ್ಮನಿದ್ದವರು ಯಾರು? ಆ ತೀರ್ಮಾನದಿಂದ ಮನೆಮಠ ಕಳೆದುಕೊಂಡವರು ಯಾರು? 1922ರ ನವೆಂಬರ್‌ನಲ್ಲಿ ಮೊದಲ ಪ್ರಶ್ನೆಗೆ ಉತ್ತರ ಪತ್ರಿಕೆಗಳ ಮುಖಪುಟದಲ್ಲೇ ಇತ್ತು. ಉಳಿದೆರಡಕ್ಕೆ ಉತ್ತರ ಹುಡುಕಬೇಕಾದರೆ ಇತಿಹಾಸವನ್ನು ಓದಲೇಬೇಕು.